‘ಬೇಕಂತಲೇ ಕೊಂದ’ ಎಂದು ಬರೆಯುವ ಮುಂಚೆ

ನಮಸ್ಕಾರ. ರಸ್ತೆ ಅಪಘಾತಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸತ್ತವರ ಬಗ್ಗೆ ನಿಮಗಿರುವ ಸಂಕಟವೂ ನಿಜವಾದದ್ದು. ಆದರೆ ಮೂರನೇ ಪುಟದ ಎರಡು ಸಾಲು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ.

“ಮುಂಬೈನ ಕಾರ್ಟರ್ ರಸ್ತೆಯಲ್ಲಿ ಆ ಯುವಕ ಬೇಕಂತಲೇ ಏಳು ಜನರನ್ನು ಕೊಂದ.”

ಬೇಕಂತಲೇ ಅಂತ ಯಾರು ಹೇಳಿದರು? ಇದು 2006ರ ಅಲಿಸ್ಟರ್ ಪೆರೇರಾ ಪ್ರಕರಣ. ಕುಡಿದು ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಹರಿಸಿದ್ದು ನಿಜ. ಆದರೆ ಅವರನ್ನು ಕೊಲ್ಲಲೆಂದೇ ಹೊರಟಿದ್ದ ಎಂದು ಯಾವ ಕೋರ್ಟೂ ಹೇಳಿಲ್ಲ. ಹೀಗೆ ಓಡಿಸಿದರೆ ಜನ ಸಾಯಬಹುದು ಎನ್ನುವುದು ಅವನಿಗೆ ಗೊತ್ತಿತ್ತು. ಕೋರ್ಟ್ ಹಿಡಿದದ್ದು ಇದನ್ನು. ಅದಕ್ಕೇ ಅವನಿಗೆ ಶಿಕ್ಷೆಯಾದದ್ದು ಐಪಿಸಿ, ಅಂದರೆ ಆಗಿನ ಭಾರತೀಯ ದಂಡ ಸಂಹಿತೆಯ 304ಎ (ದುಡುಕು ಅಥವಾ ನಿರ್ಲಕ್ಷ್ಯದಿಂದಾದ ಸಾವು) ಅಡಿ ಅಲ್ಲ, 304ರ ಎರಡನೇ ಭಾಗದಡಿ (ಸಾವಾಗಬಹುದೆಂದು ಗೊತ್ತಿದ್ದೂ ಮಾಡಿದ ಕೃತ್ಯ). 3 ವರ್ಷದ ಆ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 304ಎಗೆ ಆಗ ಹೆಚ್ಚೆಂದರೆ 2 ವರ್ಷ ಜೈಲು, ಇನ್ನೊಂದಕ್ಕೆ 10 ವರ್ಷದವರೆಗೆ. ಚಾಲಕನಿಗೆ ಏನು ಗೊತ್ತಿತ್ತು ಎನ್ನುವುದರ ಮೇಲೆ ಇಷ್ಟೊಂದು ನಿಂತಿದೆ. ಅದನ್ನೇ ನೀವು ದಾಟಿ ಹೋಗಿದ್ದೀರಿ.

“ಲಾರಿ ಅತಿವೇಗದಲ್ಲಿತ್ತು, ಇನ್ನೇನು ಸಾಕ್ಷಿ ಬೇಕು?”

ಬೇಕು. ಕರ್ನಾಟಕದ್ದೇ ಪ್ರಕರಣವಿದೆ, ‘ಕರ್ನಾಟಕ ರಾಜ್ಯ ವಿರುದ್ಧ ಸತೀಶ್’, 1998. ಲಾರಿ ಮಗುಚಿ ಜನ ಸತ್ತಿದ್ದರು. ಸಾಕ್ಷಿಗಳು ವೇಗ ಜಾಸ್ತಿ ಇತ್ತು ಎಂದರು, ಎಷ್ಟಿತ್ತು ಎಂದು ಹೇಳಲಿಲ್ಲ. ಅಷ್ಟರಿಂದಲೇ ಚಾಲಕನ ದುಡುಕಾಗಲಿ ನಿರ್ಲಕ್ಷ್ಯವಾಗಲಿ ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಬಿಡುಗಡೆಯನ್ನು ಒಪ್ಪಿತು. ಅವೆರಡೂ ಒಂದೇ ಅಲ್ಲ, ನೆನಪಿರಲಿ. ತಿರುವಿನಲ್ಲಿ ಎದುರು ಗಾಡಿ ಬರಬಹುದು ಎಂದು ಗೊತ್ತಿದ್ದೂ ‘ಏನೂ ಆಗಲ್ಲ’ ಎಂದು ಓವರ್‌ಟೇಕ್ ಮಾಡಿದರೆ ದುಡುಕು. ಹಿಂದೆ ನೋಡದೆ ರಿವರ್ಸ್ ತೆಗೆದರೆ ನಿರ್ಲಕ್ಷ್ಯ.

ನಾನು ಕ್ರೈಂ ವರದಿ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ. ಠಾಣೆಗೆ ಹೋದರೆ ಎಫ್‌ಐಆರ್‌ಗಳಲ್ಲಿ ಅದೇ ಸಾಲು: ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’. ನಮ್ಮ ಹಿರಿಯ ಉಪಸಂಪಾದಕರು ಅದನ್ನು ಪ್ರತಿಯಲ್ಲಿ ಕಂಡರೆ ಹಾಳೆ ವಾಪಸ್ ಕೊಡುತ್ತಿದ್ದರು. “ಇದು ಆರೋಪ ಕಣಯ್ಯ. ರಸ್ತೆ ಎಂಥದು? ಬೆಳಕಿತ್ತಾ? ಬ್ರೇಕ್ ಹಾಕಿದ ಗುರುತು ಇದೆಯಾ? ಹೋಗಿ ನೋಡ್ಕೊಂಡು ಬಾ.” ಮಳೆಯಿದ್ದರೂ ಕಳಿಸುತ್ತಿದ್ದರು. ಚಾಲಕನ ತಲೆಯೊಳಗೆ ಯಾರೂ ಇಣುಕಲಾಗುವುದಿಲ್ಲ, ಜಾಗ ನೋಡಿಯೇ ಊಹಿಸಬೇಕು ಎಂದು ನನಗೆ ಗೊತ್ತಾದದ್ದು ಹಾಗೆ ತಿರುಗಾಡಿ. ಅವರ ಋಣ ನನ್ನ ಮೇಲಿದೆ.

ಈಗ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 304ಎ ಜಾಗದಲ್ಲಿ 106(1), ಶಿಕ್ಷೆ 5 ವರ್ಷದವರೆಗೆ. ನಿಮ್ಮ ಲೇಖನದಲ್ಲಿ ಇನ್ನೂ ಹಳೇ ನಂಬರೇ ಇದೆ. ತಿದ್ದುವಾಗ ನೀವು ಬರೆದ ಲಾರಿ ಪ್ರಕರಣದ ಪಂಚನಾಮೆಯನ್ನೂ (ಪೊಲೀಸರು ಜಾಗ ನೋಡಿ ಬರೆದ ದಾಖಲೆ) ತರಿಸಿ ಓದಿ. ಚಾಲಕನಿಗೆ ಅಲ್ಲಿ ಎದುರಿಗೆ ಏನು ಕಾಣುತ್ತಿತ್ತು ಎಂದು ಬರೆದು ಆ ಪುಟವನ್ನು ಮತ್ತೆ ಕಳಿಸಿ. ಖಂಡಿತ ಓದುತ್ತೇನೆ.