ಎರಡೇ ಚಿತ್ರ ಅಂದರೆ ಇವು

ಟೀಚರ್, ಉಡುಪಿಯ ನಿಮ್ಮ ಹೈಸ್ಕೂಲಿನ ಗೋಡೆಯಲ್ಲಿ ಚುನಾವಣಾ ಸುಧಾರಣೆಯ ಹಳೇ ವ್ಯಂಗ್ಯಚಿತ್ರ ಎರಡಕ್ಕೆ ಮಾತ್ರ ಜಾಗ ಇದೆ, ಯಾವುದನ್ನು ಹಾಕಲಿ ಅಂತ ಕೇಳಿದ್ದೀರಿ.

ಮೊದಲನೆಯದು ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ ಬಿಡಿಸಿದ ಮತದಾನದ ದೃಶ್ಯ. 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆ ನೋಡಿ ಮಾಡಿದ್ದು. ದಯವಿಟ್ಟು ದೊಡ್ಡದಾಗಿಯೇ ಪ್ರಿಂಟ್ ಹಾಕಿಸಿ. ಯುದ್ಧದಲ್ಲಿ ಕೈ ಕಳೆದುಕೊಂಡ ಸೈನಿಕ ಕಬ್ಬಿಣದ ಕೊಕ್ಕೆಯನ್ನು ಬೈಬಲ್ ಮೇಲಿಟ್ಟು ಪ್ರಮಾಣ ಮಾಡುತ್ತಿದ್ದಾನೆ. ಅದು ನಡೆಯುತ್ತದಾ ಇಲ್ಲವಾ ಅಂತ ವಕೀಲರ ಜಗಳ. ಹಿಂದೆ ಸಾಯುವ ಸ್ಥಿತಿಯಲ್ಲಿರುವವನನ್ನೂ ಕಂಬಳಿಯಲ್ಲಿ ಹೊತ್ತು ತರುತ್ತಿದ್ದಾರೆ. ಆಗ ಎಲ್ಲರೆದುರು ಬಾಯಿ ಬಿಟ್ಟು ಹೇಳಿ ಮತ ಹಾಕಬೇಕಿತ್ತು. ಜಮೀನ್ದಾರನ ಎದುರು ಒಕ್ಕಲಿನವನು ಬೇರೆ ಹೆಸರು ಹೇಳೋಕಾಗುತ್ತಾ? ಬ್ರಿಟನ್ನಿನಲ್ಲಿ ಗುಟ್ಟಿನ ಮತದಾನ ಬಂದದ್ದು 1872ರಲ್ಲಿ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಎರಡನೆಯದು 1812ರಲ್ಲಿ ಅಮೆರಿಕದ ಬಾಸ್ಟನ್ ಪತ್ರಿಕೆಯಲ್ಲಿ ಬಂದ ‘ಜೆರಿಮ್ಯಾಂಡರ್’. ಜೆರಿ ಅನ್ನೋ ಹೆಸರಿಗೆ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹೆಸರು ಸೇರಿಸಿದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜೆರಿ ಸಹಿ ಹಾಕಿದ ಕ್ಷೇತ್ರದ ನಕ್ಷೆಗೇ ರೆಕ್ಕೆ, ಉಗುರು, ಬಾಯಿ ಬಿಡಿಸಿದ್ದಾರೆ. ತಮ್ಮ ಪಕ್ಷ ಗೆಲ್ಲಲಿ ಅಂತ ಗಡಿಯನ್ನು ಸೊಟ್ಟ ಮಾಡಿದ್ದಕ್ಕೆ ಆ ರೂಪ.

ಪಕ್ಕದಲ್ಲಿ ನಮ್ಮ ಉಡುಪಿ ಚಿಕ್ಕಮಗಳೂರು ಕ್ಷೇತ್ರದ ನಕ್ಷೆಯನ್ನೂ ಅಂಟಿಸಿ. ಘಟ್ಟದ ಮೇಲಿನ ಊರು, ಕೆಳಗಿನ ಊರು ಎರಡೂ ಒಂದಾದದ್ದು 2008ರ ಪುನರ್ವಿಂಗಡಣೆಯಲ್ಲಿ. ಇಲ್ಲಿ ಗಡಿ ಎಳೆದದ್ದು ಪ್ರತ್ಯೇಕ ಆಯೋಗ, ಗೆದ್ದ ಪಕ್ಷ ಅಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಾಗಬೇಕು ಅಲ್ವಾ? ನಕ್ಷೆ ಎ3 ಅಳತೆಯಲ್ಲಿದ್ದರೆ ಸಾಕು.