ಮಗಳ ಪುಸ್ತಕ ಸುಡಬೇಡಿ, ಕಾಕಾ

ಓದುಗರ ಕಾನೂನು ಪ್ರಶ್ನೆಗಳಿಗೆ ಬೆಳಗಾವಿಯ ವಕೀಲರ ಉತ್ತರ

ಪ್ರಶ್ನೆ: ವಕೀಲ ಸಾಹೇಬ್ರಿಗೆ ನಮಸ್ಕಾರ. ನಾನು ಕಬ್ಬು ಬೆಳೆಗಾರ. ಮಗಳು ಪುಣೆಯಲ್ಲಿ ಎಂ.ಎ. ಓದುತ್ತಿದ್ದಾಳೆ. ಅಲ್ಲಿ ಏಳೆಂಟು ಜನ ಸೇರಿ ವಾರಕ್ಕೊಮ್ಮೆ ಪುಸ್ತಕ ಓದಿ ಚರ್ಚೆ ಮಾಡುತ್ತಾರಂತೆ. ಜೈಲಿನಲ್ಲಿರುವ ಆದಿವಾಸಿಗಳ ಮನೆಯವರಿಗೆ ಅಂತ ತಿಂಗಳಿಗೆ 200 ರೂಪಾಯಿ ಬೇರೆ ಕೊಡುತ್ತಾಳೆ. 'ನಗರ ನಕ್ಸಲ'ರನ್ನು ಹಿಡಿಯಲು ಮಹಾರಾಷ್ಟ್ರದಲ್ಲಿ ಹೊಸ ಕಾನೂನು ಮಾಡಿದ್ದಾರೆ ಅಂತ ಟಿವಿಯಲ್ಲಿ ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ದೀಪಾವಳಿಗೆ ಬಂದಾಗ, ಆ ಪುಸ್ತಕ ಎಲ್ಲಾ ಸುಟ್ಟುಬಿಡು ಅಂದೆ. ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ನನ್ನದು ತಪ್ಪಾ? ಆ ಕಾನೂನು ನಮ್ಮ ಕಡೆಗೂ ಬರುತ್ತದಾ?
– ಒಬ್ಬ ತಂದೆ, ಅಥಣಿ

ಉತ್ತರ: ಕಾಕಾ, ಮೊದಲು ಪುಸ್ತಕದ ಮಾತು ಮುಗಿಸೋಣ. ಸುಡಬೇಡಿ. ಸುಟ್ಟರೆ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಪುಸ್ತಕ ಇಟ್ಟುಕೊಳ್ಳುವುದು ಅಪರಾಧ ಅಲ್ಲ. 2023ರ ಜುಲೈನಲ್ಲಿ, ಮಾವೋವಾದಿಗಳ ನಂಟಿನ ಆರೋಪ ಹೊರಿಸಿದ ಭೀಮಾ ಕೋರೆಗಾಂವ್ ಪ್ರಕರಣದ ವರ್ನಾನ್ ಗೊನ್ಸಾಲ್ವಿಸ್ ಮತ್ತು ಅರುಣ್ ಫೆರೇರಾ ಅವರಿಗೆ ಜಾಮೀನು ಕೊಡುವಾಗ ಸುಪ್ರೀಂ ಕೋರ್ಟ್ ಈ ಮಾತು ಹೇಳಿದೆ. ಹಿಂಸೆಯನ್ನು ಪ್ರಚಾರ ಮಾಡುವ ಸಾಹಿತ್ಯವೇ ಸಿಕ್ಕರೂ, ಅದು ಮನೆಯಲ್ಲಿತ್ತು ಅನ್ನುವ ಒಂದೇ ಕಾರಣಕ್ಕೆ ಭಯೋತ್ಪಾದನೆಯ ಅಪರಾಧ ಆಗುವುದಿಲ್ಲ. ಆದರೆ ಈ ಮಾತು ಕೇಳುವ ಹೊತ್ತಿಗೆ ಅವರಿಬ್ಬರೂ ಸುಮಾರು 5 ವರ್ಷ ಜೈಲಿನಲ್ಲಿದ್ದರು. ನಿಮಗೆ ನಿದ್ದೆ ಬಾರದಿರುವುದು ಆ 5 ವರ್ಷದ ಯೋಚನೆಯಿಂದ, ಅಲ್ವಾ? ಆ ಹೆದರಿಕೆ ಸುಳ್ಳಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಟಿವಿಯಲ್ಲಿ ನೋಡಿದ್ದು ಮಹಾರಾಷ್ಟ್ರ ವಿಶೇಷ ಜನ ಸುರಕ್ಷಾ ಮಸೂದೆ. 2024ರಲ್ಲಿ ಮೊದಲ ಸಲ ತಂದರು. ವಿರೋಧ ಬಂತು, ಜಂಟಿ ಸಮಿತಿಗೆ ಹೋಯಿತು, ಅಲ್ಲಿಗೆ 12 ಸಾವಿರಕ್ಕೂ ಜಾಸ್ತಿ ಸಲಹೆ, ಆಕ್ಷೇಪಣೆ ಬಂದವು. 2025ರ ಜುಲೈ 10ರಂದು ವಿಧಾನಸಭೆ ಪಾಸ್ ಮಾಡಿತು, ಮರುದಿನ ವಿಧಾನ ಪರಿಷತ್ತು. ಛತ್ತೀಸ್‌ಗಢ, ಆಂಧ್ರ, ತೆಲಂಗಾಣ, ಒಡಿಶಾದಲ್ಲಿ ಇಂಥ ಕಾನೂನು ಮೊದಲೇ ಇದ್ದವು. ಒಂದು ರಾಜ್ಯದ ಕಾನೂನು ಆ ರಾಜ್ಯದೊಳಗೆ ಮಾತ್ರ ನಡೆಯುತ್ತದೆ, ಹಾಗಾಗಿ ಅಥಣಿಗೆ ಇದು ಬರುವುದಿಲ್ಲ. ಮಗಳು ಇರುವುದು ಪುಣೆಯಲ್ಲಿ, ಅವಳಿಗೆ ಅಲ್ಲಿಯದು. ಇನ್ನು ಕೇಂದ್ರದ ಯುಎಪಿಎ, ಅಂದರೆ 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅದು ಇಬ್ಬರಿಗೂ ಅನ್ವಯಿಸುತ್ತದೆ.

ಈ ಮಸೂದೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಸರ್ಕಾರ ಒಂದು ಸಂಘಟನೆಯನ್ನು ಕಾನೂನುಬಾಹಿರ ಅಂತ ಗೆಜೆಟ್‌ನಲ್ಲಿ ಘೋಷಿಸಬೇಕು. ಆಮೇಲೆ ಅದರ ಸದಸ್ಯರಿಗೆ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ. ಸದಸ್ಯರಲ್ಲದೆ ಹಣ ಕೊಟ್ಟವರಿಗೆ, ಆಶ್ರಯ ಕೊಟ್ಟವರಿಗೆ 2 ವರ್ಷ, 2 ಲಕ್ಷ. ಆ ಸಂಘಟನೆಯ ಕಾನೂನುಬಾಹಿರ ಕೆಲಸ ಮಾಡಿದವರಿಗೆ, ಅದಕ್ಕೆ ಯೋಜನೆ ಹಾಕಿದವರಿಗೆ 7 ವರ್ಷ, 5 ಲಕ್ಷ. ಹಾಗಾಗಿ ಮಗಳ ಬಳಗದ ಹೆಸರು ಗೆಜೆಟ್‌ನಲ್ಲಿ ಇದೆಯಾ ಇಲ್ಲವಾ ಅನ್ನುವುದೇ ನಿಮ್ಮ ಮೊದಲ ಪ್ರಶ್ನೆ ಆಗಬೇಕು. ಏಳೆಂಟು ಹುಡುಗರು ಕೂತು ಓದುವ ಬಳಗಕ್ಕೆ ಹೆಸರೇ ಇರುವುದಿಲ್ಲ ಬಹಳ ಸಲ.

ನನಗೆ ಕಳವಳ ಇರುವುದು 'ಕಾನೂನುಬಾಹಿರ ಕೆಲಸ' ಅಂದರೆ ಏನು ಅಂತ ಬರೆದಿರುವ ರೀತಿಯಲ್ಲಿ. ಬಾಂಬು, ಬಂದೂಕು ಅದರಲ್ಲಿದೆ, ಇರಲೇಬೇಕು. ಜೊತೆಗೆ ಸಾರ್ವಜನಿಕ ಶಾಂತಿಗೆ ಅಡ್ಡಿ ಆಗುವ 'ಪ್ರವೃತ್ತಿ' ಇರುವ ಕೆಲಸ ಅಂತಲೂ ಇದೆ. ಕಾನೂನನ್ನು ಪಾಲಿಸಬೇಡಿ ಅಂತ ಬೋಧಿಸುವುದೂ ಇದೆ. ಮಾತಿನಿಂದಾಗಲಿ, ಬರಹದಿಂದಾಗಲಿ, ಸನ್ನೆಯಿಂದಾಗಲಿ. ಇಂಥ ಕೆಲಸಕ್ಕೆ ಹಣ ಕೂಡಿಸುವುದೂ ಸೇರಿದೆ. ಹಿಂಸೆ ಅನ್ನುವ ಪದ ಇಲ್ಲದೆಯೇ ಇವು ನಿಲ್ಲುತ್ತವೆ, ತೊಂದರೆ ಅಲ್ಲಿದೆ. 1924ರಲ್ಲಿ ನಮ್ಮ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಕೂತಿದ್ದ ಗಾಂಧೀಜಿ, ಆರು ವರ್ಷದ ನಂತರ ಉಪ್ಪಿನ ಕಾಯ್ದೆ ಮುರಿಯಿರಿ ಅಂತ ಇಡೀ ದೇಶಕ್ಕೆ ಹೇಳಿದರು. ಅಷ್ಟು ಹಿಂದೆ ಯಾಕೆ, ನೀವೇ ಕಬ್ಬು ಬೆಳೆಯುವವರು. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಗುರ್ಲಾಪುರ ಕ್ರಾಸ್‌ನಲ್ಲಿ ಹಗಲು ರಾತ್ರಿ ಕೂತವರಿಗೆ ನಮ್ಮ ಊರೂರುಗಳಿಂದ ರೊಟ್ಟಿ ಬುತ್ತಿ ಹೋಯಿತು. ರಸ್ತೆ ಬಂದ್ ಮಾಡಿದ್ದು ಅಡ್ಡಿ ಅಲ್ಲ ಅಂತ ಯಾರೂ ಹೇಳುವುದಿಲ್ಲ, ಅಡ್ಡಿಯೇ. ಅದು ಚಳವಳಿ. ಅದನ್ನೂ ಕೊಲೆಯನ್ನೂ ಬೇರೆ ಬೇರೆ ಮಾಡಿ ತೋರಿಸುವ ಗೆರೆ ಕಾನೂನಿನ ಒಳಗೇ ಇರಬೇಕು, ಅಧಿಕಾರಿಯ ಮನಸ್ಸಿನಲ್ಲಿ ಅಲ್ಲ.

ಸಮಿತಿ ಕೆಲವು ತಿದ್ದುಪಡಿ ಮಾಡಿದ್ದನ್ನೂ ಹೇಳಲೇಬೇಕು. ಮೊದಲು 'ವ್ಯಕ್ತಿಗಳು, ಸಂಘಟನೆಗಳು' ಅಂತ ಇದ್ದದ್ದು, ಆಮೇಲೆ 'ಎಡಪಂಥೀಯ ಉಗ್ರವಾದಿ ಸಂಘಟನೆಗಳು ಅಥವಾ ಅಂಥ ಸಂಘಟನೆಗಳು' ಅಂತ ಆಯಿತು. ತನಿಖೆ ಸಬ್ ಇನ್‌ಸ್ಪೆಕ್ಟರ್ ಕೈಯಿಂದ ಡಿವೈಎಸ್‌ಪಿ ಕೈಗೆ ಹೋಯಿತು. ಒಳ್ಳೆಯದೇ. ಆದರೆ ಆ 'ಅಂಥ' ಅನ್ನುವ ಪದ ಎಷ್ಟು ದೂರ ಹೋಗುತ್ತದೆ ಹೇಳಿ? ಯುಎಪಿಎಯಲ್ಲಿ ಒಂದು ಸಂಘಟನೆಯನ್ನು ಕಾನೂನುಬಾಹಿರ ಅಂತ ಘೋಷಿಸಿದರೆ, ಹೈಕೋರ್ಟಿನ ಹಾಲಿ ನ್ಯಾಯಮೂರ್ತಿ ಇರುವ ನ್ಯಾಯಮಂಡಳಿ 6 ತಿಂಗಳಲ್ಲಿ ಅದು ಸರಿಯೇ ಅಂತ ನೋಡಬೇಕು. ಮಹಾರಾಷ್ಟ್ರದ ಮಸೂದೆಯಲ್ಲಿ ಅದನ್ನು ನೋಡುವುದು ಸರ್ಕಾರವೇ ನೇಮಿಸುವ ಸಲಹಾ ಮಂಡಳಿ.

ಛತ್ತೀಸ್‌ಗಢದ ಅನುಭವ ಕೇಳಿ. ಅಲ್ಲಿ 2005ರಲ್ಲೇ ಇಂಥ ಕಾನೂನು ಬಂತು. ಬಿನಾಯಕ್ ಸೇನ್ ಅನ್ನುವ ಮಕ್ಕಳ ಡಾಕ್ಟರು, ಜೈಲಿನಲ್ಲಿದ್ದ ಒಬ್ಬ ಮಾವೋವಾದಿ ನಾಯಕನ ಪತ್ರಗಳನ್ನು ಹೊರಗೆ ಮುಟ್ಟಿಸಿದರು ಅನ್ನುವ ಆರೋಪದ ಮೇಲೆ 2007ರಲ್ಲಿ ಬಂಧನವಾಯಿತು. 2010ರ ಡಿಸೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ. 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಸಹಾನುಭೂತಿ ಇದ್ದ ಮಾತ್ರಕ್ಕೆ ರಾಜದ್ರೋಹ ಆಗುವುದಿಲ್ಲ ಅಂತ ಅವತ್ತು ಪೀಠ ಹೇಳಿತು. ನಮ್ಮ ರಾಜ್ಯದಲ್ಲೂ ಆಗಿದೆ. ಬೆಳ್ತಂಗಡಿ ತಾಲ್ಲೂಕಿನ ಮಲೆಕುಡಿಯ ಸಮುದಾಯದ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು, ಅವರ ತಂದೆಯನ್ನೂ, 2012ರಲ್ಲಿ ಹಿಡಿದರು. ವಶಪಡಿಸಿಕೊಂಡದ್ದರಲ್ಲಿ ಭಗತ್ ಸಿಂಗ್ ಪುಸ್ತಕ, ಪೇಪರ್ ಕಟಿಂಗ್ ಇದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಒಂಬತ್ತು ವರ್ಷ, ಕಾಕಾ. ಪರೀಕ್ಷೆ ಬರೆಯಲು ಆ ಹುಡುಗ ಕೈಕೋಳ ತೊಟ್ಟು ಬಂದದ್ದು ಬಹಳ ಜನರಿಗೆ ನೆನಪಿದೆ.

ಜಾಮೀನು ಯಾಕೆ ಇಷ್ಟು ಕಷ್ಟ? ಮಾಮೂಲಿ ಕೇಸಿನಲ್ಲಿ 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಸಿಗುತ್ತದೆ. ಯುಎಪಿಎಯಲ್ಲಿ ಅದನ್ನು 180 ದಿನದವರೆಗೆ ಎಳೆಯಬಹುದು. ಅದರ 43ಡಿ(5) ಕಲಂ ಪ್ರಕಾರ, ಪೊಲೀಸರ ಕಾಗದ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ನ್ಯಾಯಾಧೀಶರು ಜಾಮೀನು ಕೊಡುವ ಹಾಗಿಲ್ಲ. ವಿಚಾರಣೆ ತೀರಾ ತಡವಾದರೆ ಕೊಡಬಹುದು ಅಂತ 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಆ ಬಾಗಿಲು ತೆರೆಯುವುದಕ್ಕೇ ವರ್ಷಗಳು ಬೇಕು. 2016ರಿಂದ 2019ರವರೆಗೆ ಈ ಕಾಯ್ದೆಯಡಿ 5,922 ಜನರ ಬಂಧನವಾಯಿತು, 132 ಜನರಿಗೆ ಶಿಕ್ಷೆಯಾಯಿತು. ಇದು ಸರ್ಕಾರವೇ ರಾಜ್ಯಸಭೆಗೆ ಕೊಟ್ಟ ಲೆಕ್ಕ. ಉಳಿದವರೆಲ್ಲಾ ನಿರಪರಾಧಿಗಳು ಅಂತ ಇದರ ಅರ್ಥ ಅಲ್ಲ, ಎಷ್ಟೋ ಕೇಸು ಇನ್ನೂ ನಡೆಯುತ್ತಲೇ ಇರುತ್ತವೆ. ಆ ನಡೆಯುವ ಕಾಲವೇ ಶಿಕ್ಷೆ ಆಗಿಬಿಡುತ್ತದೆ ಅನ್ನುವುದು ನನ್ನ ಸಂಕಟ.

ಈಗ 200 ರೂಪಾಯಿ. ಜೈಲಿನಲ್ಲಿರುವವನ ಹೆಂಡತಿ ಮಕ್ಕಳಿಗೆ ಅಕ್ಕಿ ಕೊಡುವುದು ಅಪರಾಧ ಅಲ್ಲ. ಅವರೂ ನಮ್ಮಂಥ ಜನರೇ. ಆದರೆ ಹಣ ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿರಬೇಕು. ನೋಂದಣಿ ಆದ ಸಂಸ್ಥೆಯಾ, ರಸೀದಿ ಕೊಡುತ್ತಾರಾ, ಬ್ಯಾಂಕ್ ಖಾತೆ ಇದೆಯಾ ಅಂತ ಕೇಳಲು ಹೇಳಿ. ನಗದು ಬೇಡ. ಕೋಯಿಕ್ಕೋಡಿನ ಇಬ್ಬರು ವಿದ್ಯಾರ್ಥಿಗಳ ಕೇಸಿನಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸುಮ್ನೆ ನಂಟಿದ್ದರೆ, ಬೆಂಬಲ ಇದ್ದರೆ ಸಾಲದು, ಆ ಸಂಘಟನೆಯ ಭಯೋತ್ಪಾದನೆ ಕೆಲಸವನ್ನು ಮುಂದೆ ಒಯ್ಯುವ ಉದ್ದೇಶ ಇರಬೇಕು. ನಿಷೇಧ ಆದ ಸಂಘಟನೆಯ ಸದಸ್ಯತ್ವ ಮಾತ್ರ ಬೇರೆ. ಗೊತ್ತಿದ್ದೂ ಸದಸ್ಯರಾಗಿ ಉಳಿದರೆ ಅದೇ ಅಪರಾಧ ಅಂತ 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ.

ನಿಮ್ಮದು ತಪ್ಪಾ ಅಂತ ಕೇಳಿದ್ದೀರಿ. ಹೆದರಿದ್ದು ತಪ್ಪಲ್ಲ. ಆದರೆ ಮನೆಯಲ್ಲೇ ಅವಳ ಪುಸ್ತಕಕ್ಕೆ ಜಾಗ ಇಲ್ಲ ಅಂದರೆ ನಾಳೆ ನಿಜವಾಗಿ ತೊಂದರೆ ಬಂದಾಗ ಅವಳು ನಿಮಗೆ ಫೋನ್ ಮಾಡುವುದಿಲ್ಲ. ಮೀರಜ್‌ನಿಂದ ರೈಲು ಹತ್ತಿ ಪುಣೆಗೆ ಹೋಗಿ. ಒಂದು ವಾರ ಆ ಬಳಗದಲ್ಲಿ ನೀವೂ ಕೂತು ಕೇಳಿ.

ಪ್ರಶ್ನೆ: ನನ್ನ ತಮ್ಮ ಸಿಆರ್‌ಪಿಎಫ್‌ನಲ್ಲಿದ್ದಾನೆ. ಛತ್ತೀಸ್‌ಗಢದ ಕಾಡಿನಲ್ಲಿ ಡ್ಯೂಟಿ ಮಾಡಿದ್ದಾನೆ. ಫೋನ್ ಬಾರದ ರಾತ್ರಿಗಳನ್ನು ನಾವು ಕಳೆದಿದ್ದೇವೆ. ಊರಲ್ಲಿ ಕೂತು ನಕ್ಸಲರಿಗೆ ಹಣ, ಮದ್ದುಗುಂಡು ಕಳಿಸುವವರಿಗೆ ಹಕ್ಕು ಬೇಕು ಅಂತೀರಲ್ಲ, ನನ್ನ ತಮ್ಮನಿಗೆ ಹಕ್ಕು ಇಲ್ವಾ?
– ಒಬ್ಬ ಸಹೋದರಿ, ಇಂಡಿ

ಉತ್ತರ: ಅಕ್ಕಾ, ಇದೆ. ಬದುಕುವ ಹಕ್ಕು ಎಲ್ಲಕ್ಕಿಂತ ಮೊದಲನೆಯದು. 2010ರ ಏಪ್ರಿಲ್ 6ರಂದು ದಂತೇವಾಡದಲ್ಲಿ ಒಂದೇ ದಿನ 76 ಯೋಧರು ಸತ್ತರು. 2019ರ ಮೇ 1ರಂದು ಗಡ್‌ಚಿರೋಲಿಯಲ್ಲಿ ನೆಲಬಾಂಬಿಗೆ 15 ಪೊಲೀಸರು, ಒಬ್ಬ ಡ್ರೈವರ್ ಬಲಿಯಾದರು. ನಮ್ಮಲ್ಲೂ 2005ರಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮಲಗಿದ್ದ ಮೀಸಲು ಪೊಲೀಸರನ್ನು ಕೊಂದರು. ಇದಕ್ಕೆ ಗೊತ್ತಿದ್ದೂ ಹಣ, ಮದ್ದುಗುಂಡು ಕೊಟ್ಟವನು ಕೊಲೆಯಲ್ಲಿ ಪಾಲುದಾರ. ಅವನಿಗೆ ಶಿಕ್ಷೆ ಆಗಬೇಕು.

ಆದರೆ ಅವನನ್ನು ಹಿಡಿಯುವ ಕಾನೂನು ಆಗಲೇ ಇದೆ. ನಕ್ಸಲರ ಸಂಘಟನೆ ಸಿಪಿಐ (ಮಾವೋವಾದಿ) 2009ರಿಂದ ಯುಎಪಿಎಯ ನಿಷೇಧಿತರ ಪಟ್ಟಿಯಲ್ಲಿದೆ. ಹಣ ಕೂಡಿಸುವುದಕ್ಕೆ, ಸಂಚಿಗೆ, ಆಶ್ರಯಕ್ಕೆ ಬೇರೆ ಬೇರೆ ಕಲಂ ಇವೆ, ಕೆಲವಕ್ಕೆ ಜೀವಾವಧಿ ಶಿಕ್ಷೆ. ಬೇಕಾಗಿರುವುದು ಗಟ್ಟಿ ಸಾಕ್ಷ್ಯ. ಕವಿತೆ ಓದಿದವನ ಹಿಂದೆ ಹತ್ತು ವರ್ಷ ಓಡಾಡುವ ತನಿಖಾಧಿಕಾರಿಗೆ ಮದ್ದುಗುಂಡು ಸಾಗಿಸುವವನ ಹಿಂದೆ ಓಡಲು ಹೊತ್ತು ಎಲ್ಲಿಂದ ಬರುತ್ತದೆ?

ಇನ್ನೊಂದು ಮಾತು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಜನ ನಕ್ಸಲರು ಶರಣಾದರು. ಅವರು ಹೊರಗೆ ಬಂದದ್ದು ಸರ್ಕಾರದ ಶರಣಾಗತಿ ಸಮಿತಿಯವರು ಮತ್ತು ಶಾಂತಿಗಾಗಿ ದುಡಿದ ನಾಗರಿಕ ವೇದಿಕೆಯವರು ಮಾತಾಡಿದ್ದರಿಂದ. ಅಂದರೆ ಆ ನಾಗರಿಕರಿಗೆ ಕಾಡಿನವರ ಜೊತೆ ಮಾತು ಇತ್ತು, ಅವರನ್ನು ನಂಬುವ ಜನ ಇದ್ದರು. 'ಬೆಂಬಲ' ಅನ್ನುವ ಪದವನ್ನು ತೀರಾ ಅಗಲ ಮಾಡಿದರೆ ಇಂಥವರೂ ಅದರೊಳಗೆ ಬಂದುಬಿಡುತ್ತಾರೆ. ಆಮೇಲೆ ಮಧ್ಯೆ ನಿಂತು ಮಾತಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ಗುಂಡು ಹಾರದೆ ಆ ಆರು ಬಂದೂಕು ಕೆಳಗಿಳಿದವು. ತಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಮೂರು ಖೋಲಿ ಬಾಡಿಗೆಗೆ ಕೊಟ್ಟಿದ್ದೇನೆ. ಹೊರಗಿನ ಹುಡುಗರು ಬರುತ್ತಾರೆ. ನಾಳೆ ಅವರಲ್ಲಿ ಯಾರಾದರೂ ಅಂಥವರು ಅಂತ ಆದರೆ ನನ್ನನ್ನೂ ಒಳಗೆ ಹಾಕ್ತಾರಾ?
– ಮನೆ ಮಾಲೀಕ, ಜಮಖಂಡಿ

ಉತ್ತರ: ಯುಎಪಿಎಯ 19ನೇ ಕಲಂ ಪ್ರಕಾರ, ಅವನು ಭಯೋತ್ಪಾದಕ ಅಂತ ಗೊತ್ತಿದ್ದೂ ಆಶ್ರಯ ಕೊಟ್ಟರೆ ಮಾತ್ರ ಅಪರಾಧ. ಗೊತ್ತಿತ್ತು ಅಂತ ತೋರಿಸುವ ಹೊಣೆ ಪೊಲೀಸರದು. ಅದಕ್ಕೇ ಬಾಡಿಗೆ ಕರಾರು ಮಾಡಿಕೊಳ್ಳಿ, ಆಧಾರ್ ಪ್ರತಿ ಇಟ್ಟುಕೊಳ್ಳಿ, ಬಾಡಿಗೆಯನ್ನು ಖಾತೆಗೇ ಹಾಕಿಸಿಕೊಳ್ಳಿ. ಈ ಕಲಂನಲ್ಲಿ ಗಂಡ ಹೆಂಡತಿಗೆ ಮಾತ್ರ ವಿನಾಯಿತಿ ಇದೆ, ತಾಯಿಗೆ ಇಲ್ಲ. ಮಗನಿಗೆ ಊಟ ಹಾಕಿದ ತಾಯಿಯೂ ಇದರೊಳಗೆ ಬರಬಹುದು ಅನ್ನುವುದು ನನ್ನನ್ನು ಬಹಳ ಕಾಡಿದೆ.

ಪ್ರಶ್ನೆ: ಒಂದು ಪ್ರತಿಭಟನೆಗೆ ಹೋಗಿದ್ದೆ. ಠಾಣೆಯಿಂದ ಫೋನ್ ಬಂದಿದೆ, 'ಸುಮ್ನೆ ಒಮ್ಮೆ ಬಂದು ಹೋಗಿ' ಅಂತಾರೆ. ಹೋಗಲಾ?
– ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ತಂಗಿ, ನೋಟಿಸ್ ಬರಹದಲ್ಲಿ ಕೊಡಿ ಅಂತ ಮರ್ಯಾದೆಯಿಂದ ಕೇಳಿ. ಸಾಕ್ಷಿಯಾಗಿ ಕೇಳುವುದಾದರೆ ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವ ಹಾಗಿಲ್ಲ, ಅವರೇ ನೀನಿರುವ ಮನೆಗೆ ಬರಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹಾಗೆ ಹೇಳುತ್ತದೆ. ಮನೆ ಶೋಧ ಮಾಡಿದರೆ ವಿಡಿಯೋ ಮಾಡಲೇಬೇಕು. ಬಂಧಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಯುಎಪಿಎ ಕೇಸಿನಲ್ಲೂ ಅಷ್ಟೇ, 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ. ಖಾಲಿ ಹಾಳೆಗೆ ಸಹಿ ಹಾಕಬೇಡ. ವಕೀಲರ ಫೀ ಬಗ್ಗೆ ಚಿಂತೆ ಬೇಡ. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡು, ಇಲ್ಲವೇ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ನೋಟಿಸ್ ಬಂದರೆ ಅದರ ಒಂದು ಝೆರಾಕ್ಸ್ ತೆಗೆಸಿ ಮನೆಯಲ್ಲಿ ಅವ್ವನ ಕೈಗೆ ಕೊಟ್ಟಿಡು.