ಬಿಸಿಲಿಗೆ ಕೊಡೆ, ಹಿಮಕ್ಕೆ ಪಾರ್ಸೆಲ್

ಪ್ರಶ್ನೆ: ಸಾರ್, ಮುಂದಿನ ಏಪ್ರಿಲ್‌ಗೆ ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಮೆಕ್ಸಿಕೋ ಗಡಿಯಿಂದ ಶುರು ಮಾಡಿ ಒಂದು 1,300 ಕಿ.ಮೀ. ನಡೀಬೇಕು ಅಂತಿದೀನಿ. ಸಾವನದುರ್ಗ, ಸ್ಕಂದಗಿರಿ ಬಿಟ್ರೆ ಏನೂ ಹತ್ತಿಲ್ಲ. ಮರುಭೂಮಿಗೂ ಹಿಮಕ್ಕೂ ಒಂದೇ ಬ್ಯಾಗಲ್ಲಿ ಹೆಂಗೆ?
- ಓದುಗ, ಜಯನಗರ

ಉತ್ತರ: ಎಲ್ಲಾ ಒಂದೇ ಸಲ ಹೊರಬೇಡಿ ಸ್ವಾಮಿ, ಬೆನ್ನು ನಿಮ್ದೇ. ಮೊದಲ 1,100 ಕಿ.ಮೀ. ಹೆಚ್ಚುಕಮ್ಮಿ ಒಣನೆಲ, ಅಲ್ಲಿ ಭಾರ ಅಂದ್ರೆ ನೀರೇ, ಲೀಟರ್‌ಗೆ ಒಂದು ಕೆಜಿ, ಒಂದೊಂದು ಕಡೆ 30 ಕಿ.ಮೀ. ನಡೆದ್ರೂ ಹನಿ ಸಿಗಲ್ಲ, ಹಂಗಾಗಿ ಐದಾರು ಲೀಟರ್ ಹೊರೋದು ಮಾಮೂಲಿ. ಬೆಳ್ಳಿ ಬಣ್ಣದ ಕೊಡೆ ಒಂದು ಇಟ್ಕೊಳಿ, ನಗಬೇಡಿ, ನೆರಳೇ ಇಲ್ಲದ ಜಾಗದಲ್ಲಿ ಅದೇ ಮರ. ಗಾಳಿ ಒಣಗಿರುತ್ತಲ್ಲ, ಸೂರ್ಯ ಮುಳುಗಿದ ತಕ್ಷಣ ನೆಲದ ಕಾವೆಲ್ಲಾ ಆಕಾಶಕ್ಕೆ ಹೋಗಿ ರಾತ್ರಿ ನಡುಗಿಸುತ್ತೆ, ಸೋ ಜಾಕೆಟ್ ಮಾತ್ರ ಮೊದಲ ದಿನದಿಂದ್ಲೇ ಬೇಕು. ಕಾಟನ್ ಬನಿಯನ್ ಬೇಡ, ಒದ್ದೆಯಾದ್ರೆ ಒಣಗಲ್ಲ, ಮೈ ಕಾವು ಎಳೆಯುತ್ತೆ.

ಐಸ್ ಆಕ್ಸ್ (ಹಿಮಕ್ಕೆ ನಾಟೋ ಕೊಡಲಿ), ಶೂಗೆ ಹಾಕೋ ಮುಳ್ಳು, ಕರಡಿ ಡಬ್ಬಿ (ಊಟ ಕರಡಿಗೆ ಸಿಗದ ಹಾಗೆ ಇಡೋ ಗಟ್ಟಿ ಡಬ್ಬಿ) ಇವನ್ನೆಲ್ಲಾ ಒಣನೆಲ ಮುಗಿಯೋ ಹೊತ್ತಿಗೆ ಸಿಗೋ ಕೆನಡಿ ಮೆಡೋಸ್ ಅನ್ನೋ ಊರಿಗೆ ಪಾರ್ಸೆಲ್ ಹಾಕಿ, ಸಿಯೆರಾ ನೆವಾಡಾ ಬೆಟ್ಟಸಾಲಿನ ಎತ್ತರದ ಭಾಗ ಶುರುವಾಗೋದೇ ಅಲ್ಲಿಂದ. ಮುಂದೆ ಫಾರೆಸ್ಟರ್ ಪಾಸ್ ಅನ್ನೋ ಬೆಟ್ಟದ ದಾರಿ ಸುಮಾರು 4,000 ಮೀಟರ್ ಎತ್ತರ, ಅದನ್ನ ಬೆಳಗಿನ ಜಾವ ಹಿಮ ಗಟ್ಟಿ ಇರುವಾಗ್ಲೇ ದಾಟಿ, ಮಧ್ಯಾಹ್ನ ಆದ್ರೆ ಹಿಮ ಮೆತ್ತಗಾಗಿ ಕಾಲು ತೊಡೆತನಕ ಹೂತ್ಕೊಳುತ್ತೆ.

ಸ್ಕಂದಗಿರಿಗೆ ಇನ್ನೊಂದ್ಸಲ ಹೋಗಿ, ಈ ಸಲ ಬ್ಯಾಗಲ್ಲಿ ಆರು ಲೀಟರ್ ನೀರು ತುಂಬ್ಕೊಂಡು.